ಕತ್ತರಿ ಈಜು ಕಲಿತದ್ದು

ಆಕೆಯನ್ನು ಎಲ್ಲರೂ ಕತ್ತರಿ ಎನ್ನುತ್ತಿದ್ದರು. ಹೆಸರು ಬಂದದ್ದು ಹೊಲಿಗೆಯ ಕಸುಬಿನಿಂದ, ಗಟ್ಟಿಯಾಗಿ ನಿಂತದ್ದು ನಾಲಿಗೆಯಿಂದ. ಅಳತೆ ತೆಗೆಯುವಾಗ "ಹೋದ ವರ್ಷಕ್ಕಿಂತ ಸೊಂಟ ಊದಿದೆ, ತಂದ ಬಟ್ಟೆ ಸಾಕಾಗಲ್ಲ" ಎಂದು ಗಿರಾಕಿಯ ಮುಖಕ್ಕೇ ಹೇಳುವ ಹೆಂಗಸು. ಆದರೂ ಜನ ಬರುತ್ತಿದ್ದರು, ಯಾಕೆಂದರೆ ಆಕೆ ಹಾಕಿದ ಹೊಲಿಗೆ ಬಟ್ಟೆ ಹರಿದರೂ ಬಿಚ್ಚಿಕೊಳ್ಳುತ್ತಿರಲಿಲ್ಲ.

ಅದೆಲ್ಲ ಹಳೆಯ ಬೀದಿಯಲ್ಲಿದ್ದಾಗ. ಆ ಬೀದಿಯೇ ಈಗಿಲ್ಲ. ದೇಶದೇಶಗಳ ಆಟಗಾರರು ಬರುವ ದೊಡ್ಡ ಕ್ರೀಡಾಕೂಟ ಊರಿಗೆ ಬಂತು. ಈಜುಕೊಳಕ್ಕೆ ಜಾಗ ಬೇಕಾಯಿತು. ಊರಿನ ದೊಡ್ಡವರ ಕಣ್ಣು ಈ ಬೀದಿಯ ಮೇಲೆ ಬಿತ್ತು. ಮೊದಲು ಒಪ್ಪಿಕೊಂಡವನು ಮೇಸ್ತ್ರಿ. ಕತ್ತರಿಯ ಗಂಡನ ಅಣ್ಣ, ಅಂದರೆ ಆಕೆಗೆ ಭಾವ. ಕೊಳದ ಗಾರೆ ಕೆಲಸವೆಲ್ಲ ತನಗೇ ಸಿಗುತ್ತದೆಂದು ಗೊತ್ತಾದ ಮೇಲೆ ಅವನು ಮನೆಮನೆಗೆ ಹೋಗಿ, ಎಲ್ಲರ ಮೂಗಿಗೂ ತುಪ್ಪ ಸವರಿ, ಬೀದಿಗೆ ಬೀದಿಯನ್ನೇ ಒಪ್ಪಿಸಿಬಿಟ್ಟ. ಕತ್ತರಿಯ ಗಂಡ ಗಡಿಯಾರ ರಿಪೇರಿಯವನು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಎಳ್ಳುಕಾಳಿನಷ್ಟು ಮೊಳೆ ಹುಡುಕಬಲ್ಲ ಆ ಮನುಷ್ಯನಿಗೆ ಅಣ್ಣನ ಹುನ್ನಾರ ಮಾತ್ರ ಕಾಣಲಿಲ್ಲ. "ಅಣ್ಣ ಹೇಳಿದ್ದಾನೆ" ಎಂದ, ಸಹಿ ಹಾಕಿದ. ಅವನ ಮಟ್ಟಿಗೆ ಈ ಜಗತ್ತಿನಲ್ಲಿ ಅದಕ್ಕಿಂತ ದೊಡ್ಡ ಕಾರಣ ಇರಲಿಲ್ಲ.

ಆಟ ಮುಗಿಯಿತು. ಬಾವುಟಗಳು ಇಳಿದವು. ಪಂದ್ಯ ನಡೆದ ದೊಡ್ಡ ಕೊಳವನ್ನು ಗ್ಯಾಲರಿ ಸಮೇತ ಕಳಚಿ ಲಾರಿಗಳಲ್ಲಿ ಹೇರಿಕೊಂಡು ಹೋದರು. ಆಟಗಾರರು ಅಭ್ಯಾಸ ಮಾಡುತ್ತಿದ್ದ, ತಗಡಿನ ಮಾಡಿನ ಸಣ್ಣ ಕೊಳವೊಂದು ಉಳಿಯಿತು. ಅದನ್ನು ಬಡಾವಣೆಯ ಜನರಿಗೆ ಬಿಟ್ಟುಕೊಟ್ಟರು. ಆಟಗಾರರು ತಂಗಿದ್ದ ಎತ್ತರದ ಕಟ್ಟಡವನ್ನು ಮನೆ ಕಳೆದುಕೊಂಡವರಿಗೆ ಹಂಚಿದರು. ಮೇಸ್ತ್ರಿಗೆ ಗೇಟಿನ ಪಕ್ಕದ ನೆಲಮಹಡಿ ಸಿಕ್ಕಿತು. ಕತ್ತರಿಗೆ ಆರನೇ ಮಹಡಿಯ ಹಿಂಬದಿ. ಬಚ್ಚಲಿನ ಕನ್ನಡಿಯನ್ನು ಆಟಗಾರರ ಎತ್ತರಕ್ಕೆ ಹಾಕಿದ್ದರಿಂದ ಅದರಲ್ಲಿ ಆಕೆಗೆ ತನ್ನ ಹಣೆಯಷ್ಟೇ ಕಾಣುತ್ತಿತ್ತು. ಲಿಫ್ಟು ಓಡಿದ ದಿನಕ್ಕಿಂತ ಕೆಟ್ಟು ನಿಂತ ದಿನಗಳೇ ಹೆಚ್ಚು. ಒಂದು ರವಿಕೆ ಸಡಿಲ ಮಾಡಿಸಲು ಯಾರು ಆರು ಮಹಡಿ ಹತ್ತುತ್ತಾರೆ? ಗಿರಾಕಿಗಳು ಒಬ್ಬೊಬ್ಬರಾಗಿ ಕರಗಿಹೋದರು.

ಕೊಳದ ಮುಂದೆ ಹಾದುಹೋಗುವಾಗಲೆಲ್ಲ ಕತ್ತರಿ "ನಿನಗೆ ಮಣ್ಣು ಹಾಕ" ಎಂದೇ ಹೋಗುತ್ತಿದ್ದಳು. ಹಾಗಿರುವಾಗ ಒಂದು ದಿನ ಭಾವನೇ ಮಣ್ಣು ಹಾಕಲು ಹೊರಟ.

ಕೊಳದ ಸಮಿತಿಗೆ ಮೇಸ್ತ್ರಿಯೇ ಅಧ್ಯಕ್ಷ. ಉದ್ಘಾಟನೆಯ ದಿನ ಫೋಟೋಕ್ಕೆಂದು ಒಮ್ಮೆ ಮುಳುಗಿ ಎದ್ದವರೆಲ್ಲ ಸದಸ್ಯರು. ಬಹುಪಾಲು ಅವನ ಕೈಕೆಳಗೆ ಗಾರೆ ಕಲಸಿದವರು. ಅಣ್ಣನ ಮಾತಿಗೆ ಮೂಗು ಹಿಡಿದು ಮುಳುಗಿದ್ದ ಕತ್ತರಿಯ ಗಂಡನೂ ಅದರಲ್ಲಿದ್ದ. ಹೆಂಗಸರ ಪೈಕಿ ಅಧ್ಯಕ್ಷನ ಹೆಂಡತಿ ಒಬ್ಬಳೇ. ಮೇಸ್ತ್ರಿ ಎಲ್ಲರನ್ನೂ ಕೊಳದ ದಂಡೆಯಲ್ಲಿ ಕೂರಿಸಿ ಹೇಳಿದ: "ಇದಕ್ಕೆ ಬರೋರು ಕಮ್ಮಿ, ಖರ್ಚು ಜಾಸ್ತಿ. ನೀರು ಹೊರಗೆ ಬಿಟ್ಟು, ಮಣ್ಣು ತುಂಬಿಸಿ, ಮೇಲೆ ನೆಲ ಹಾಕಿಬಿಡೋಣ. ಸಿಮೆಂಟ್ ವ್ಯಾಪಾರಿ ಗೋಡೌನ್‌ಗೆ ಕೇಳ್ತಿದ್ದಾರೆ. ಬಾಡಿಗೆ ಬಡಾವಣೆಗೇ ಬರುತ್ತೆ. ನಿರ್ಧಾರ ಸದಸ್ಯರಿಗೆ ಬಿಟ್ಟಿದ್ದು ಅಂತ ನಗರಸಭೆಯವರೂ ಹೇಳಿದ್ದಾರೆ. ಬರೋ ತಿಂಗಳ ಸಭೇಲಿ ಅವರ ಮುಂದೆಯೇ ಕೈ ಎತ್ತಿಸಿಬಿಡೋಣ."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಕತ್ತರಿ, "ಭಾವನೋರೇ, ಒಂದು ಮಾತು" ಎಂದಳು.

"ನೀನು ಸದಸ್ಯೆ ಅಲ್ಲಮ್ಮ. ಸದಸ್ಯರಲ್ಲದೋರು ಸಭೇಲಿ ಬಾಯಿ ಬಿಡೋ ಹಾಗಿಲ್ಲ."

"ಹಾಗಾದ್ರೆ ನನ್ನನ್ನೂ ಮಾಡ್ಕೊಳ್ಳಿ."

ಮೇಸ್ತ್ರಿ ನಕ್ಕ. "ಇನ್ಮೇಲೆ ಸೇರೋರು ಈಜು ಕಲಿತಿರಬೇಕು. ಆ ಕಡೆಯಿಂದ ಈ ಕಡೆಗೆ ನಡುವೆ ಏನನ್ನೂ ಮುಟ್ಟದೆ ಈಜಿ ತೋರಿಸಬೇಕು. ಸುರಕ್ಷತೆ ನೋಡು. ನಾಳೆ ಯಾರಾದ್ರೂ ಮುಳುಗಿ ಸತ್ರೆ ನನ್ನ ತಲೆಗೆ ಬರುತ್ತೆ." ಆ ನಿಯಮ ಹುಟ್ಟಿದ್ದು ಆ ಕ್ಷಣದಲ್ಲೇ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಗಾರೆಯವರು ಹಲ್ಲು ಕಿರಿದರು. ಗಡಿಯಾರದವನು ತಲೆ ತಗ್ಗಿಸಿ ನೆಲದ ಟೈಲ್ಸ್ ನೋಡುತ್ತ ಕುಳಿತ.

ಮನೆಗೆ ಬಂದ ಮೇಲೆ ಅವನೇ ಕೇಳಿದ, "ನಿನಗೂ ಅದೇ ಬೇಕಿತ್ತಲ್ಲ? ದಿನಾ ಮಣ್ಣು ಹಾಕ ಅಂತಿದ್ದೆ. ಈಗ ಹಾಕ್ತಾರೆ. ಇನ್ಯಾಕೆ ಉರಿ?"

ಕತ್ತರಿಗೆ ಇನ್ನಷ್ಟು ಸಿಟ್ಟು ಬಂತು. ಮಷೀನಿನ ಮುಂದೆ ಕುಳಿತು ಯಾರದೋ ಪ್ಯಾಂಟಿನ ಅಂಚು ಮಡಿಸುತ್ತಿದ್ದವಳು ನಡುವೆ ಪೆಡಲು ನಿಲ್ಲಿಸಿದಳು. ಕೊಳಕ್ಕಾಗಿ ಮನೆ ಹೋಯಿತು. ಈಗ ಕೊಳವೂ ಬೇಡವೆಂದರೆ ಮನೆ ಹೋದದ್ದು ಯಾತಕ್ಕೆ? ಅಲ್ಲಿ ನೀರು ಇರುವವರೆಗೆ ದ್ವೇಷಿಸಲಿಕ್ಕಾದರೂ ಒಂದು ಕಾರಣವಿತ್ತು. ಸಿಮೆಂಟ್ ಮೂಟೆಗಳನ್ನು ನೋಡಿ ಏನೆಂದು ಶಪಿಸುವುದು?

ಮರುದಿನ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಮೇಸ್ತ್ರಿಯ ಹೆಂಡತಿ. ಲಿಫ್ಟು ಕೆಟ್ಟಿತ್ತು, ನೋಯುವ ಮೊಣಕಾಲು ಎಳೆದುಕೊಂಡು ಹತ್ತಿ ಬಂದು ಗೋಡೆ ಹಿಡಿದು ಏದುಸಿರು ಬಿಡುತ್ತಿದ್ದಳು. ಈ ಇಬ್ಬರು ವಾರಗಿತ್ತಿಯರದು ಮದುವೆಯಾದ ಹೊಸದರಿಂದಲೂ ಎಣ್ಣೆ ಸೀಗೆಕಾಯಿ ಸಂಬಂಧ. ನೆಲಮಹಡಿ ಒಬ್ಬಳಿಗೆ, ಆರನೇ ಮಹಡಿ ಇನ್ನೊಬ್ಬಳಿಗೆ ಬಂದ ಮೇಲಂತೂ ಮಾತೇ ನಿಂತಿತ್ತು.

"ನೀರು ಕೊಡಲ್ವಾ?" ಎಂದಳು ವಾರಗಿತ್ತಿ.

"ನಿಮ್ಮ ಮನೆ ಪಕ್ಕದಲ್ಲೇ ಒಂದು ಕೊಳ ತುಂಬ ಇದೆಯಲ್ಲ."

"ಇದಕ್ಕೇ ನಿನ್ನ ಮುಖ ಕಂಡ್ರೆ ನನಗಾಗಲ್ಲ." ವಾರಗಿತ್ತಿ ಕೇಳದೆಯೇ ಒಳಗೆ ಬಂದು ಬಟ್ಟೆಯ ರಾಶಿ ಸರಿಸಿ ಕುರ್ಚಿಯಲ್ಲಿ ಕುಳಿತಳು. "ನಿನ್ನ ಮುಖ ಬೇಡ. ನಿನ್ನ ನಾಲಿಗೆ ಬೇಕು. ಕೊಳ ಮುಚ್ಚಬಾರದು."

"ನಿನ್ನ ಗಂಡನಿಗೆ ಹೇಳು."

"ಹೇಳೋ ಹಾಗಿದ್ರೆ ಈ ಕಾಲಲ್ಲಿ ಇಷ್ಟು ಮೆಟ್ಟಿಲು ಯಾಕೆ ಹತ್ತುತ್ತಿದ್ದೆ?" ವಾರಗಿತ್ತಿ ಮೊಣಕಾಲು ನೀವಿಕೊಂಡಳು. "ನನ್ನ ತೌರು ಹೊಳೆದಂಡೆ. ನಡೆಯೋದಕ್ಕೆ ಮುಂಚೆ ಈಜು ಕಲಿತೋಳು ನಾನು. ಈ ಮಂಡಿ ದಿನವೆಲ್ಲ ಕಿತ್ತು ತಿನ್ನುತ್ತೆ. ಬೆಳಗ್ಗೆ ಯಾರೂ ಬರೋದಕ್ಕೆ ಮುಂಚೆ ಆ ನೀರಿಗಿಳಿದ್ರೆ, ಅಷ್ಟು ಹೊತ್ತು ನೋವಿಲ್ಲ. ಅಷ್ಟೇ. ಅವರಿಗೆ ಅದು ಗೊತ್ತಿಲ್ಲ, ಗೊತ್ತಾದ್ರೂ ಲೆಕ್ಕಕ್ಕಿಲ್ಲ. ನನಗೆ ಸಭೇಲಿ ಮಾತಾಡೋಕೆ ಬರಲ್ಲ. ನಿನಗೆ ಈಜೋಕೆ ಬರಲ್ಲ. ನಾನು ಕಲಿಸ್ತೀನಿ, ನೀನು ಮಾತಾಡು."

"ನಿನ್ನ ಕೈಗೆ ನನ್ನ ತಲೆ ಕೊಟ್ಟು ನೀರಿಗೆ ಇಳೀಬೇಕಾ?"

"ಮುಳುಗಿಸೋ ಆಸೆ ಇದೆ," ಎಂದಳು ವಾರಗಿತ್ತಿ, ನಗದೆ. "ಸಭೆ ಮುಗಿಯೋ ತನಕ ತಡ್ಕೋತೀನಿ."

ಮೊದಲ ತೊಡಕು ಉಡುಪಿನದು. ಅಂಗಡಿಯಲ್ಲಿ ಸಿಗುವ ಈಜುಡುಪನ್ನು ಕತ್ತರಿ ಎರಡು ಬೆರಳಲ್ಲಿ ಎತ್ತಿ ನೋಡಿ, "ಇದರಲ್ಲಿ ಬಟ್ಟೆ ಎಲ್ಲಿದೆ?" ಎಂದು ಅಲ್ಲೇ ಬಿಟ್ಟು ಬಂದಳು. ಕ್ರೀಡಾಕೂಟದ ಬಾವುಟಗಳನ್ನು ಕಟ್ಟಡದ ಹಿಂದೆ ರಾಶಿ ಒಟ್ಟಿದ್ದರು. ನೀರು ಹೀರದ ನುಣುಪು ಬಟ್ಟೆ. ಅದನ್ನೇ ತಂದು ಉದ್ದ ತೋಳಿನ ಅಂಗಿ, ಪಾದದವರೆಗಿನ ಚಲ್ಲಣ ಹೊಲಿದುಕೊಂಡಳು. ಮೊದಲ ದಿನ ಇಳಿದಾಗ ಅಂಗಿಯೊಳಗೆ ಗಾಳಿ ತುಂಬಿ ಬೆನ್ನು ಬುಗ್ಗೆಯಾಗಿ ಎದ್ದು, ಕಾಲು ಮೇಲೆ, ತಲೆ ಕೆಳಗಾಗಿ ಒದ್ದಾಡಿಬಿಟ್ಟಳು. ವಾರಗಿತ್ತಿ ಜುಟ್ಟು ಹಿಡಿದು ಎತ್ತಿದಳು. ಕತ್ತರಿ ಕೆಮ್ಮುತ್ತ, ಮೂಗಿನಿಂದ ನೀರು ಸುರಿಸುತ್ತ, "ಬೇಕಂತಲೇ ಬಿಟ್ಟೆ!" ಎಂದು ಕಿರುಚಿದಳು.

"ಬೇಕಂತ ಬಿಟ್ಟಿದ್ರೆ ಜುಟ್ಟು ಹಿಡೀತಿರಲಿಲ್ಲ. ಸೊಂಟಕ್ಕೊಂದು ದಾರ ಕಟ್ಟು. ದೊಡ್ಡ ಹೊಲಿಗೆಯೋಳು!"

ಬೆಳಗಾಗುತ್ತಿದ್ದಂತೆ ಇಬ್ಬರೂ ಇಳಿಯುತ್ತಿದ್ದರು. ಪಾಠವೆಂದರೆ ಬೈಗುಳ. "ಕಾಲು ಆಡಿಸೇ, ಮರದ ಕೊರಡೇ" ಎಂದು ವಾರಗಿತ್ತಿ. "ಕೈ ಬಿಗಿಯಾಗಿ ಹಿಡಿ, ನೆಲಮಹಡಿ ಮಹಾರಾಣಿ" ಎಂದು ಕತ್ತರಿ. ಹೊಲಿಗೆ ಮಷೀನು ತುಳಿದ ಕಾಲಿಗೆ ಬಲವಿತ್ತು, ಆದರೆ ಭಯ ಸೊಂಟ ಹಿಡಿದು ಕೆಳಗೆಳೆಯುತ್ತಿತ್ತು. ಒಮ್ಮೆ ಕೊಳದ ನಡುವೆ ಕತ್ತರಿ ಕಣ್ಣು ಬಿಟ್ಟು ತಳ ನೋಡಿದಳು. ನೀಲಿ ಟೈಲ್ಸು ನಡುಗುತ್ತಿತ್ತು. ತಟ್ಟನೆ ತಲೆ ಎತ್ತಿ ದಂಡೆಗೆ ಬಂದು ಸರಳು ಹಿಡಿದು ನಿಂತಳು.

"ಏನಾಯ್ತು?"

"ಇಲ್ಲೇ ಎಲ್ಲೋ ನನ್ನ ಅಡುಗೆಮನೆ ಇತ್ತು."

ವಾರಗಿತ್ತಿ ಹತ್ತಿರಕ್ಕೆ ಈಜಿ ಬಂದಳು. ಕತ್ತರಿಗೆ ಎಲ್ಲಿ ಈಕೆ ಒಂದು ಒಳ್ಳೆಯ ಮಾತಾಡಿಬಿಡುತ್ತಾಳೋ ಎಂದು ದಿಗಿಲಾಯಿತು. ಹಾಗಾಗಲಿಲ್ಲ. "ಅಡುಗೆಮನೆ ಆಮೇಲೆ ಹುಡುಕು," ಎಂದಳು ವಾರಗಿತ್ತಿ, "ಮೊದಲು ಉಸಿರು ಬಿಡೋದು ಕಲಿ."

ಸುದ್ದಿ ಎಷ್ಟು ದಿನ ಗುಟ್ಟಾಗಿ ಉಳಿದೀತು? ಮೇಸ್ತ್ರಿಗೆ ತಿಳಿಯಿತು. ಹೆಂಡತಿಗೆ ಏನೆಂದನೋ, ಆಕೆ ಹೇಳಲಿಲ್ಲ. ಎರಡು ದಿನ ಕೊಳದ ಕಡೆ ಬರಲಿಲ್ಲ, ಮೂರನೆಯ ದಿನ ಬಂದಳು. ಸಭೆಯ ಬೆಳಗ್ಗೆ ಕತ್ತರಿ ಪರೀಕ್ಷೆಗೆ ಹಾಜರಾದಾಗ ನಗರಸಭೆಯ ಅಧಿಕಾರಿಣಿಯೂ ಬಂದು ಕುಳಿತಿದ್ದರು. ಬಡಾವಣೆಯ ಅರ್ಧ ಜನ ದಂಡೆಯಲ್ಲಿದ್ದರು. ಸಿಮೆಂಟ್ ವ್ಯಾಪಾರಿ ಬೂಟು ಒದ್ದೆಯಾಗದಂತೆ ದೂರ ನಿಂತಿದ್ದ. ಬಾವುಟದ ಉಡುಪಿನಲ್ಲಿ ಕತ್ತರಿ ಬಂದದ್ದೇ ಗಾರೆಯವರು ಗೊಳ್ಳೆಂದು ನಕ್ಕರು. ಬೆನ್ನ ಮೇಲೆ ಯಾವುದೋ ಘೋಷಣೆಯ ಅರ್ಧ ಅಕ್ಷರಗಳು, ತೊಡೆಯ ಮೇಲೆ ಇನ್ನರ್ಧ.

"ಆಳದ ಕಡೆಯಿಂದ ಹಾರಬೇಕು," ಎಂದ ಮೇಸ್ತ್ರಿ.

"ಹಾರೋದು ಅಂತ ನೀವು ಮೊದಲು ಹೇಳಿರಲಿಲ್ಲ."

"ಈಗ ಹೇಳ್ತಿದ್ದೀನಲ್ಲ. ಆಗಲ್ಲ ಅಂದ್ರೆ ಬಿಡು. ಮನೆಗೆ ಹೋಗಿ ಗುಂಡಿ ಹೊಲಿ."

ಕತ್ತರಿ ಒಮ್ಮೆಯೂ ಹಾರಿದವಳಲ್ಲ. ಏಣಿ ಹಿಡಿದು ಇಳಿದು ಅಭ್ಯಾಸ. ಎದುರು ದಂಡೆಯಲ್ಲಿ ಗಂಡ ನಿಂತಿದ್ದ. ಅವನ ಮುಖ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತಿತ್ತು. ಅದನ್ನು ನೋಡಿ ಆಕೆಗೆ ಮೈಯೆಲ್ಲ ಉರಿದುಹೋಯಿತು. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು? ಮೂಗು ಹಿಡಿದುಕೊಂಡಳು, ಕಣ್ಣು ಮುಚ್ಚಿ ಧುಮುಕಿದಳು.

ನೀರು ಕಿವಿಯೊಳಗೆ ಗುಡುಗಿತು. ಎಷ್ಟು ಆಳ ಹೋದಳೋ. ಮೇಲೆ ಬಂದವಳೇ ದಿಕ್ಕು ತಿಳಿಯದೆ ಕೈಕಾಲು ಬಡಿದಳು. "ಉಸಿರು ಬಿಡೇ, ಕೊರಡೇ!" ಎಂದು ಒಂದು ದನಿ ಕೇಳಿತು. ಆ ದನಿಯ ಕಡೆಗೇ ತಿರುಗಿದಳು. ಅರ್ಧ ದಾರಿ ಹೋಗಿದ್ದಳು, ಅಷ್ಟರಲ್ಲಿ ಒಂದು ಗುಟುಕು ನೀರು ನೆತ್ತಿಗೇರಿತು. ಕೆಮ್ಮಿದಳು, ಮುಳುಗಿದಳು, ಎದ್ದಳು, ಮತ್ತೆ ಮುಳುಗಿದಳು. ಈ ಸಲ ಎದ್ದಾಗ ಕಣ್ಣ ಮುಂದೆ ಒಂದು ಉದ್ದನೆಯ ಗಳ ಇತ್ತು. ಮುಳುಗುವವರನ್ನು ಎಳೆಯಲು ಗೋಡೆಗೆ ತೂಗುಹಾಕಿದ್ದ ಗಳ. ಅದರ ಇನ್ನೊಂದು ತುದಿಯಲ್ಲಿ ಭಾವ ಮೊಣಕಾಲೂರಿ ಬಗ್ಗಿದ್ದ.

"ಹಿಡ್ಕೋ! ಹಿಡ್ಕೋ ಅಂತೀನಿ!"

ಮುಟ್ಟಿದರೆ ಸೋತಂತೆ. ಮುಟ್ಟದಿದ್ದರೆ ಏನಾಗುತ್ತದೋ ಆಕೆಗೆ ಗೊತ್ತಿರಲಿಲ್ಲ. ಅವನ ಮುಖ ನೋಡಿದಳು; ಕಣ್ಣಲ್ಲಿ ನೀರು ತುಂಬಿದ್ದರಿಂದ ಅದರಲ್ಲಿ ಏನಿದೆಯೆಂದು ತಿಳಿಯಲಿಲ್ಲ. ಬಾಯಲ್ಲಿದ್ದ ನೀರನ್ನೆಲ್ಲ ಗಳದ ಮೇಲೆ ಉಗಿದಳು. ಉಗಿದಾಗ ಉಸಿರು ಹೊರಗೆ ಬಂತು. ಹೊರಗೆ ಬಂದದ್ದರಿಂದ ಹೊಸ ಉಸಿರು ಒಳಗೆ ಹೋಯಿತು. ಇಷ್ಟು ದಿನ ವಾರಗಿತ್ತಿ ಬಡಿದುಕೊಂಡದ್ದೇ ಅದು. ನಾಯಿ ಈಜಿದಂತೆ, ಕತ್ತು ಚಾಚಿಕೊಂಡು, ಅಳತೆಯಿಲ್ಲದೆ ನೀರು ಚಿಮ್ಮಿಸುತ್ತ, ದಂಡೆಯ ಸರಳು ಸಿಕ್ಕುವವರೆಗೆ ಬಡಿದಳು.

"ದಾಟಿದ್ರು," ಎಂದರು ಅಧಿಕಾರಿಣಿ. ಗಾರೆಯವರಲ್ಲಿ ಯಾರೂ ನಗಲಿಲ್ಲ.

ಸಭೆಯಲ್ಲಿ ಕತ್ತರಿ ಬಟ್ಟೆಯನ್ನೂ ಬದಲಿಸಲಿಲ್ಲ. ತೊಟ್ಟಿಕ್ಕುತ್ತ ಎದ್ದು ನಿಂತಳು.

"ಸದಸ್ಯೆಯಾಗಿ ಮಾತಾಡ್ತಿದ್ದೀನಿ. ಭಾವನೋರೇ, ಬಾಯಿ ಮುಚ್ಚು ಅನ್ನೋ ಹಾಗಿಲ್ಲ. ನನ್ನ ಮನೆ ಬೇಡ, ಕೊಳ ಬೇಕು ಅಂದ್ರಿ. ಇವರ ಮನೆ ಬೇಡ ಅಂದ್ರಿ, ಅವರ ಮನೆ ಬೇಡ ಅಂದ್ರಿ. ಊರಿಗೆ ಹೆಸರು ಬರುತ್ತೆ, ಆಮೇಲೆ ಮಕ್ಕಳು ಮರಿಗೆ ಆಗುತ್ತೆ ಅಂದ್ರಿ. ಈಗ ಕೊಳಾನೂ ಬೇಡ್ವಂತೆ. ಹಾಗಾದ್ರೆ ಇಷ್ಟು ಮನೆ ಬಿದ್ದಿದ್ದು ಸಿಮೆಂಟ್ ಮೂಟೆ ಪೇರಿಸೋಕಾ?" ಗಾರೆಯವರ ಕಡೆ ತಿರುಗಿದಳು. "ನಿನ್ನ ಹೆಂಡ್ತಿ ಬಾಣಂತಿ ಇದ್ದಾಗ ಮನೆ ಖಾಲಿ ಮಾಡಿಸಿದ್ರು, ಮರೆತ್ಯಾ? ನೀನು, ಅವನ ಪಕ್ಕದೋನೇ! ನಿಮ್ಮಪ್ಪ ಬಾಗಿಲ ಚೌಕಟ್ಟು ಹಿಡ್ಕೊಂಡು ಬಿಡಲಿಲ್ಲ, ನೀನೇ ಕೈ ಬಿಡಿಸಿದೆ. ನಾಳೆ ಅವರು ಕೇಳ್ತಾರೆ, ಎಲ್ಲಿ ಆ ಕೊಳ ಅಂತ. ಗೋಡೌನ್ ತೋರಿಸ್ತೀಯಾ? ಉರಿಯೋ ಮನೇಲಿ ಗಳ ಹಿರಿಯೋದು ಕೇಳಿದ್ದೆ. ಇವರು ಸುಟ್ಟು ಬೂದಿಯಾದ ಮೇಲೂ ಬಂದು ಹಿರೀತಿದ್ದಾರೆ!"

"ಸಾಕು ಕೂತ್ಕೋ!" ಮೇಸ್ತ್ರಿ ಮೇಜು ಗುದ್ದಿದ. "ಕೊಳ ಕಂಡ್ರೆ ಉಗೀತಿದ್ದೋಳು ನೀನು!"

"ಈಗಲೂ ಉಗೀತೀನಿ. ಉಗಿಯೋಕಾದ್ರೂ ಅದು ಇರಲಿ."

ಗೋಡೌನ್ ಬೇಕೆನ್ನುವವರು ಕೈ ಎತ್ತಿ ಎಂದು ಅಧಿಕಾರಿಣಿ ಹೇಳಿದಾಗ ಮೇಸ್ತ್ರಿಯ ಕೈ ಮೊದಲು ಎದ್ದಿತು. ಹಿಂದೆ ಕೆಲವು ಕೈಗಳು. ಬಾಣಂತಿಯ ಗಂಡ ತನ್ನ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡ. ಅಪ್ಪನ ಕೈ ಬಿಡಿಸಿದವನು ಕಿಟಕಿಯ ಕಡೆ ನೋಡಿದ. ಆಮೇಲೆ ನಿಧಾನವಾಗಿ, ಮಣಭಾರ ಎತ್ತಿದಂತೆ, ಇನ್ನೊಂದು ಕೈ ಎದ್ದಿತು. ಗಡಿಯಾರದವನದು. ಅಣ್ಣ ಹೇಳಿದ್ದಾನೆ. ಕತ್ತರಿ ಅದನ್ನು ನೋಡಿದಳು. ಇದ್ದದ್ದೇ ಆದರೂ ಒಳಗೆಲ್ಲೋ ಒಂದು ಎಳೆ ಕಡಿದುಹೋಯಿತು.

ಕೊಳ ಉಳಿಯಲಿ ಎನ್ನುವವರ ಸರದಿ ಬಂದಾಗ ಮೊದಲು ಎದ್ದದ್ದು ಮೇಸ್ತ್ರಿಯ ಹೆಂಡತಿ. ಕೈಯಷ್ಟೇ ಅಲ್ಲ, ಮಂಡಿ ಹಿಡಿದುಕೊಂಡು ಮೈಯನ್ನೇ ಎತ್ತಿ ನಿಂತಳು, ಗಂಡನ ನೇರ ಎದುರಿಗೆ. ಹೆಂಗಸೇ ನಿಂತಿದ್ದಾಳೆ ಎಂದು ಗಾರೆಯವರಲ್ಲಿ ಒಬ್ಬೊಬ್ಬರೇ ಕೈ ಎತ್ತಿದರು. ಕೊಳ ಉಳಿಯಿತು. ಸಿಮೆಂಟ್ ವ್ಯಾಪಾರಿ ಯಾರಿಗೂ ಹೇಳದೆ ಹೊರಟುಹೋದ.

ಅಂದು ಸಂಜೆ ವಾರಗಿತ್ತಿ ಒಂದು ಚೀಲ ಹಿಡಿದು ಆರನೇ ಮಹಡಿಗೆ ಬಂದಳು. "ಚೀಲ ಹೊರಗಿಟ್ಟಿದ್ದಾರೆ, ಬಾಗಿಲು ತೆಗೀತಿಲ್ಲ," ಎಂದಳು, ಅಷ್ಟೇ. ಕತ್ತರಿ ಬಾಗಿಲಿಗೆ ಅಡ್ಡ ನಿಂತು ಯೋಚಿಸಿದಳು. ಆಮೇಲೆ ಒಳಗೆ ತಿರುಗಿ ಗಂಡನಿಗೆ ಹೇಳಿದಳು: "ಏಳಿ. ನಿಮ್ಮಣ್ಣ ಒಬ್ಬನೇ ಇದ್ದಾನೆ. ಕೈ ಎತ್ತಿದ್ರಲ್ಲ, ಅಲ್ಲೇ ಹೋಗಿ ಇರಿ."

"ನಾನಾ?" ಎಂದ ಗಡಿಯಾರದವನು.

"ನೀವಲ್ದೆ ಇನ್ಯಾರು?"

ಭೂತಗನ್ನಡಿ, ಚಿಮಟ, ಒಂದು ದಿಂಬು. ಅಷ್ಟು ಹಿಡಿದು ಅವನು ಮೆಟ್ಟಿಲಿಳಿದ. ಕೆಳಗೆ ಇಬ್ಬರು ಅಣ್ಣತಮ್ಮಂದಿರು, ಮೇಲೆ ಇಬ್ಬರು ವಾರಗಿತ್ತಿಯರು. ಇಡೀ ಕಟ್ಟಡ ಬಿದ್ದು ಬಿದ್ದು ನಕ್ಕಿತು. ಮೇಲಿನ ಮನೆಯಲ್ಲಿ ನಗುವೇನೂ ಇರಲಿಲ್ಲ. ಉಪ್ಪು ಜಾಸ್ತಿಯಾಯಿತೆಂದು ಇವಳು, ಮಷೀನಿನ ಸದ್ದಿಗೆ ನಿದ್ದೆ ಬರುವುದಿಲ್ಲವೆಂದು ಅವಳು, ಬೆಳಗ್ಗೆಯಿಂದ ರಾತ್ರಿವರೆಗೆ ಜಗಳ. ಒಳ್ಳೆಯ ಮಾತು ಹುಟ್ಟುತ್ತದೆಂದು ಕಾದವರಿಗೆ ನಿರಾಸೆಯಾಯಿತು.

ವಾರ ಕಳೆಯುವಷ್ಟರಲ್ಲಿ ಮೇಸ್ತ್ರಿ ಏರಿ ಬಂದ. ಗಡ್ಡ ಬೆಳೆದಿತ್ತು. ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೆಯೇ ಕುಳಿತ. ಹೆಂಡತಿಗೆ, "ಬಾ" ಎಂದ.

"ಬೆಳಗ್ಗೆ ನೀರಿಗೆ ಹೋಗ್ತೀನಿ. ದಿನಾ."

"ಹೋಗು. ಯಾರು ಬೇಡ ಅಂದ್ರು?"

"ನೀವೇ ಅಂದ್ರಿ," ಎಂದು ವಾರಗಿತ್ತಿ ಚೀಲ ತುಂಬಲು ಒಳಗೆ ಹೋದಳು.

ಭಾವ, ಕತ್ತರಿ ಇಬ್ಬರೇ ಉಳಿದರು. ಮೇಸ್ತ್ರಿ ಅಂಗೈ ನೋಡಿಕೊಳ್ಳುತ್ತ ಹೇಳಿದ, "ಅವತ್ತು ನೀನು ಮುಳುಗ್ತಿದ್ದೆ. ಅದಕ್ಕೆ ಗಳ ಚಾಚಿದ್ದು."

"ಸೋಲಿಸೋಕೆ ಚಾಚಿದ್ರಿ."

"ನಾನು ಅಷ್ಟು ಕೆಟ್ಟೋನಲ್ಲ."

"ಎಷ್ಟು ಕೆಟ್ಟೋರು ಅಂತ ಹೇಳಿ, ಅಳತೆ ತಗೋತೀನಿ."

ಅವನು ಎದ್ದ. ಬಟ್ಟೆಯ ಧೂಳು ಕೊಡವಿಕೊಂಡು ಇಳಿದುಹೋದ. ಹೆಂಡತಿ ಸಾವಕಾಶವಾಗಿ, ತನ್ನ ಮಂಡಿ ಹೇಳಿದಷ್ಟೇ ವೇಗದಲ್ಲಿ, ಹಿಂದೆ ಹೋದಳು. ಮರುದಿನ ಗಡಿಯಾರದವನು ದಿಂಬು ಹಿಡಿದು ಮೇಲೆ ಬಂದ. ಕತ್ತರಿ ಬಾಗಿಲು ತೆರೆದಳು. ಆದರೆ ಬಹಳ ದಿನಗಳವರೆಗೆ ಅವನೊಡನೆ ಗಿರಾಕಿಯೊಡನೆ ಆಡುವಷ್ಟೇ ಮಾತಾಡಿದಳು.

ಆ ಗಳದ ಮಾತು ಮಾತ್ರ ಆಕೆಯನ್ನು ಬಿಡಲಿಲ್ಲ. ಹೊಲಿಯುವಾಗ ಅದೇ ಕಣ್ಣ ಮುಂದೆ ಬರುತ್ತಿತ್ತು. ಅವನು ಉಳಿಸಲು ಬಗ್ಗಿದನೋ, ಕೆಡವಲು ಬಗ್ಗಿದನೋ? ಕೆಟ್ಟವನಾಗಿಯೇ ಇದ್ದುಬಿಟ್ಟಿದ್ದರೆ ಎಷ್ಟು ಹಾಯಾಗಿತ್ತು! ಆ ಒಂದು ಸಂಶಯವನ್ನು ತನ್ನ ಮೇಲೆ ಎಸೆದು ಹೋದದ್ದಕ್ಕೂ ಆಕೆ ಅವನನ್ನು ದ್ವೇಷಿಸಿದಳು. ಬೆಳಗ್ಗೆ ಕೊಳಕ್ಕೆ ಹೋಗುವುದನ್ನು ನಿಲ್ಲಿಸಲಿಲ್ಲ. ವಾರಗಿತ್ತಿ ಆ ಬದಿಗೆ, ಇವಳು ಈ ಬದಿಗೆ. ನಡುವೆ ಮಾತಿಲ್ಲ, ಎದುರಾದಾಗ ನೀರು ಎರಚಿಕೊಂಡು ಸರಿಯುವುದಷ್ಟೇ.